ಗಿರಿನಗರದ ಕಂಪ್ಯೂಟರಿಗೆ ಹಿಡಿದಿದ್ದ ರಾಹುಕಾಲ

ಕಂಪ್ಯೂಟರ್ ರಿಪೇರಿಗೆ ಹೊಸದಾಗಿ ಇಳಿಯುವ ಹುಡುಗ ಹುಡುಗಿಯರು ಈಗಲೂ ನನಗೆ ಫೋನ್ ಮಾಡುತ್ತಾರೆ. "ಆಂಟಿ, ಹೊಸ ಆಪರೇಟಿಂಗ್ ಸಿಸ್ಟಂ ಹಾಕಿದ್ಮೇಲೆ ಮಿಷಿನ್ ಆನ್ ಆಗೋಕೆ ಯುಗ ಆಗ್ತಿದೆ. ಫಸ್ಟ್ ಏನ್ ನೋಡ್ಬೇಕು?" ಮೊದಲು ಮನೆಯವರನ್ನು ನೋಡಿ, ಆಮೇಲೆ ಮಿಷಿನ್ ನೋಡಿ ಎನ್ನುತ್ತೇನೆ. ಅವರು ನಗುತ್ತಾರೆ. ನಾನೂ ನಗುತ್ತೇನೆ, ಆದರೆ ಹೇಳಿದ್ದು ನಿಜ.

ಜಯನಗರ ನಾಲ್ಕನೇ ಬ್ಲಾಕಿನ ಒಂದು ಅಡ್ಡರಸ್ತೆಯ ಅಂಗಡಿಯಲ್ಲಿ ಸ್ಕ್ರೂಡ್ರೈವರ್ ಹಿಡಿದೇ ಅರ್ಧ ಆಯಸ್ಸು ಕಳೆದವಳು ನಾನು. ಹೋದ ವರ್ಷ ನಿವೃತ್ತಳಾದೆ. ಹೆಂಗಸು ಸಿಪಿಯು ಬಿಚ್ಚುತ್ತಾಳೆ ಎಂದರೆ ಮೊದಮೊದಲು ಜನ ನಂಬುತ್ತಿರಲಿಲ್ಲ. ಬಾಗಿಲು ತೆರೆದವರು ನನ್ನ ಬೆನ್ನ ಹಿಂದೆ ಇಣುಕಿ, "ರಿಪೇರಿಯವ್ರು ಎಲ್ಲಮ್ಮ?" ಎನ್ನುತ್ತಿದ್ದರು. "ಬಂದಿದ್ದಾರೆ ಸಾರ್, ಒಳಗೆ ಬಿಟ್ರೆ ಕೂರ್ತಾರೆ" ಎಂದು ನಾನೇ ಒಳಗೆ ನುಗ್ಗುತ್ತಿದ್ದೆ. ಬಾಯಿ ಜೋರು ಎಂಬ ಹೆಸರು ನನಗೆ ಬಂದದ್ದು ಹೀಗೆ. ಆ ಹೆಸರನ್ನು ನಾನು ಚೆನ್ನಾಗಿಯೇ ಕಾಪಾಡಿಕೊಂಡು ಬಂದೆ.

ನಮ್ಮ ಅಂಗಡಿಯ ಯಜಮಾನರು ಶೇಷಗಿರಿ ಸಾರ್. ತುಂಬಾ ಒಳ್ಳೆಯವರು. ಮಧ್ಯಾಹ್ನ ನಾನು ಡಬ್ಬಿ ತರಲಿಲ್ಲವೆಂದರೆ ಮಸಾಲೆ ದೋಸೆ ತರಿಸುತ್ತಿದ್ದರು. ಆದರೆ ಅವರ ಕೈಯಲ್ಲಿ ಇದ್ದದ್ದು ಒಂದೇ ಮದ್ದು, ಅದು ಫಾರ್ಮ್ಯಾಟ್. ಅಂದರೆ ಡಿಸ್ಕ್ ಪೂರ್ತಿ ಅಳಿಸಿ, ಎಲ್ಲವನ್ನೂ ಹೊಸದಾಗಿ ತುಂಬುವುದು. ಒಮ್ಮೆ ಮೌಸ್ ಓಡುತ್ತಿಲ್ಲ ಎಂದು ಬಂದವರ ಕಂಪ್ಯೂಟರನ್ನೂ ಫಾರ್ಮ್ಯಾಟ್ ಮಾಡಿಸಿದರು. ಎಲ್ಲ ಮುಗಿದ ಮೇಲೆ ನೋಡಿದರೆ ಮೌಸಿನ ವೈರ್ ಸಡಿಲವಾಗಿತ್ತು. "ನೋಡಿದ್ರಾ ಗೀತಾ, ಫಾರ್ಮ್ಯಾಟ್ ಮಾಡಿದ್ದಕ್ಕೆ ವೈರ್ ವಿಷ್ಯ ಗೊತ್ತಾಯ್ತು" ಎಂದರು. ಇಂಥ ಮನುಷ್ಯನ ಜೊತೆ ಜಗಳ ಆಡುವುದು ಹೇಗೆ?

ಅವರದು ಇನ್ನೊಂದು ಕಟ್ಟುನಿಟ್ಟು ಇತ್ತು. ಗಿರಾಕಿಗಳ ಮಿಷಿನ್‌ಗಳಿಗೆ ಅಂಗಡಿಯ ಇಂಟರ್ನೆಟ್ ಕೊಡಬಾರದು. ಬಂದವರ ವೈರಸ್ ನಮ್ಮ ಕಂಪ್ಯೂಟರುಗಳಿಗೆ ಅಂಟಿಕೊಳ್ಳುತ್ತದೆ ಎಂಬ ಭಯ. ಈ ನಿಯಮವನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದೇ ನನ್ನನ್ನು ಕುಣಿಸಿತು.

ಕೆಲಸದ ರೀತಿ ನನ್ನ ಕಣ್ಣ ಮುಂದೆಯೇ ಎಷ್ಟೋ ಸಲ ಬದಲಾಯಿತು. ಮೊದಲು ಸಿಡಿಗಳ ದೊಡ್ಡ ಪೌಚ್ ಹೆಗಲಿಗೆ ಹಾಕಿಕೊಂಡು ಸ್ಕೂಟರ್ ಏರುತ್ತಿದ್ದೆ. ಆಮೇಲೆ ಎಲ್ಲವೂ ಒಂದು ಪೆನ್‌ಡ್ರೈವ್‌ಗೆ ಇಳಿಯಿತು. ಈಗಿನ ಮಕ್ಕಳು ಕುಳಿತಲ್ಲಿಂದಲೇ ಗಿರಾಕಿಯ ಪರದೆ ತಮ್ಮ ಪರದೆಗೆ ತಂದುಕೊಂಡು ರಿಪೇರಿ ಮಾಡುತ್ತಾರೆ. ಬಿಸಿಲಿಲ್ಲ, ಟ್ರಾಫಿಕ್ಕಿಲ್ಲ, ಸುಖವಾದ ಕೆಲಸ. ಆದರೆ ಮನೆಗೆ ಹೋಗದಿದ್ದರೆ ಕೆಲವು ಸಂಗತಿ ಕಾಣುವುದೇ ಇಲ್ಲ.

ಜೆ.ಪಿ. ನಗರದಲ್ಲಿ ಒಬ್ಬ ಹಿರಿಯರಿದ್ದರು. ಕಂಪ್ಯೂಟರ್ ಆನ್ ಮಾಡಿ ಸ್ನಾನಕ್ಕೆ ಹೋಗಿ ಬಂದರೂ ತಯಾರಾಗಿರುವುದಿಲ್ಲ ಎಂಬುದು ಅವರ ದೂರು. ನೋಡಿದೆ. ಆನ್ ಆಗುವಾಗಲೇ ತಾನಾಗಿ ತೆರೆದುಕೊಳ್ಳಲಿ ಎಂದು ಪಂಚಾಂಗ, ಷೇರುಪೇಟೆ, ಹವಾಮಾನ, ಸುಪ್ರಭಾತ ಎಲ್ಲವನ್ನೂ ಸಾಲಾಗಿ ಕೂರಿಸಿದ್ದರು. ಬೆಳಗ್ಗೆ ಬೆಳಗ್ಗೆ ಆ ಬಡಪಾಯಿ ಮಿಷಿನ್ ಏನೆಲ್ಲಾ ಮಾಡಬೇಕು ಹೇಳಿ. ಎಲ್ಲವನ್ನೂ ತೆಗೆದುಹಾಕಿ, ಸರಸರ ಆನ್ ಆಗುವುದನ್ನು ತೋರಿಸಿ, ಬೀಗುತ್ತಾ ಬಂದೆ. ಮರುದಿನ ಫೋನ್ ಬಂತು. "ಮೇಡಂ, ಫಾಸ್ಟ್ ಏನೋ ಆಗಿದೆ. ಆದ್ರೆ ಸುಪ್ರಭಾತ ಬರ್ಲಿಲ್ಲ ಅಂತ ಮನೆಯವ್ರು ಕಾಫಿ ಮಾಡಿಲ್ಲ." ಸುಪ್ರಭಾತ ಮೊಳಗಿದರೆ ಆ ಮನೆಯಲ್ಲಿ ಡಿಕಾಕ್ಷನ್‌ಗೆ ನೀರು ಬೀಳುವ ಪದ್ಧತಿಯಂತೆ. ಮತ್ತೆ ಹೋಗಿ ಅದೊಂದನ್ನು ಮೊದಲಿನ ಜಾಗಕ್ಕೆ ಕೂರಿಸಿ, ಕಾಫಿ ಕುಡಿದು ಬಂದೆ.

ಆದರೆ ನಾನು ಬರೆಯಲು ಕೂತಿರುವುದು ಗಿರಿನಗರದ ಪದ್ಮಿನಿಯವರ ಕಂಪ್ಯೂಟರಿನ ಬಗ್ಗೆ. ಅದನ್ನು ನೆನೆದರೆ ನನಗೆ ಈಗಲೂ ಒಬ್ಬಳಿಗೇ ನಗು ಬರುತ್ತದೆ, ಬಸ್ಸಿನಲ್ಲಿ ಪಕ್ಕದವರು ನೋಡುತ್ತಾರೆ.

ಪದ್ಮಿನಿ ನನ್ನದೇ ವಯಸ್ಸಿನವರು. ಗಣಿತದಲ್ಲಿ ಎಂ.ಎಸ್ಸಿ. ಮಾಡಿ, ಮದುವೆಯಾಗಿ ಈ ಮನೆಗೆ ಬಂದು, ಆಮೇಲೆ ಆ ಗಣಿತವನ್ನು ಹಾಲು ತರಕಾರಿಯ ಲೆಕ್ಕಕ್ಕೆ ಬಿಟ್ಟರೆ ಬೇರೇನಕ್ಕೂ ಬಳಸಿದವರಲ್ಲ. ಈಗ ಇದ್ದಕ್ಕಿದ್ದಂತೆ ಒಂದು ಆನ್‌ಲೈನ್ ಟ್ಯೂಷನ್ ಸಂಸ್ಥೆಗೆ ಅರ್ಜಿ ಹಾಕಿ, ಪರೀಕ್ಷೆ ಪಾಸಾಗಿ, ಹತ್ತನೇ ತರಗತಿಯ ಮಕ್ಕಳಿಗೆ ಶನಿವಾರದ ಗಣಿತ ಕ್ಲಾಸ್ ಗಿಟ್ಟಿಸಿಕೊಂಡಿದ್ದರು. ಆ ಸಂಸ್ಥೆಯ ತಂತ್ರಾಂಶ ಹಳೆಯ ಆಪರೇಟಿಂಗ್ ಸಿಸ್ಟಂನಲ್ಲಿ ಓಡುವುದಿಲ್ಲ, ನೋಂದಾಯಿಸಿದ ಕಂಪ್ಯೂಟರಿನಲ್ಲಿ ಬಿಟ್ಟು ಬೇರೆಲ್ಲೂ ತೆರೆದುಕೊಳ್ಳುವುದೂ ಇಲ್ಲ. ಅದಕ್ಕೆಂದೇ ನಮ್ಮ ಅಂಗಡಿಯಲ್ಲಿ ಹೊಸ ಸಿಸ್ಟಂ ಹಾಕಿಸಿದರು.

ಮೊದಲ ಶನಿವಾರ ಹತ್ತೂವರೆಗೆ ಕ್ಲಾಸ್. ಕಂಪ್ಯೂಟರ್ ತಯಾರಾಗುವಷ್ಟರಲ್ಲಿ ಮಕ್ಕಳು ಕಾದು ಕಾದು ಎದ್ದುಹೋಗಿದ್ದರು. ಮಿಷಿನ್ ನಮ್ಮ ಅಂಗಡಿಗೆ ಬಂತು. ಬಂದ ದಿನ ಮೊದಲ ಸಲ ಆನ್ ಆಗಲು ತುಂಬ ಹೊತ್ತು ತೆಗೆದುಕೊಂಡಿತು. "ಆಟೋದಲ್ಲಿ ಕುಲುಕಾಡ್ಕೊಂಡು ಬಂದಿದೆ ಪಾಪ" ಎಂದರು ಶೇಷಗಿರಿ ಸಾರ್. ಮರುಕ್ಷಣವೇ ಅವರ ಮದ್ದು ಹೊರಬಂತು. ಫಾರ್ಮ್ಯಾಟ್ ಆಯಿತು. ಆಮೇಲೆ ಎಷ್ಟು ಸಲ ಆನ್ ಮಾಡಿದರೂ ಚಿಟಿಕೆ ಹೊಡೆಯುವುದರಲ್ಲಿ ತಯಾರು. ಕಳಿಸಿಕೊಟ್ಟೆವು. ಎರಡನೇ ಶನಿವಾರ ಮತ್ತೆ ಅದೇ ಕಥೆ. ಸಂಸ್ಥೆಯವರು, ಮುಂದಿನ ಶನಿವಾರವೂ ತಡವಾದರೆ ಕ್ಲಾಸನ್ನು ಬೇರೆ ಟೀಚರಿಗೆ ಕೊಡುತ್ತೇವೆ ಎಂದು ಮೆತ್ತಗೆ ಹೇಳಿದರು.

ಪದ್ಮಿನಿ ಅಂಗಡಿಗೇ ಬಂದರು. ಕೂಗಾಡಲಿಲ್ಲ, ಅದೇ ಕಷ್ಟವಾಗಿದ್ದು. "ಗೀತಾ ಅವ್ರೇ, ನನ್ಗೆ ಈ ವಯಸ್ಸಲ್ಲಿ ಇನ್ನೊಂದ್ಸಲ ಯಾರು ಕ್ಲಾಸ್ ಕೊಡ್ತಾರೆ ಹೇಳಿ" ಎಂದರು.

"ಆನ್ ಮಾಡಿದಾಗ ಪರದೆ ಮೇಲೆ ಏನ್ ಬರುತ್ತೆ?" ಎಂದೆ.

"ಚುಕ್ಕಿ ಸುತ್ತುತ್ತೆ. ದಯವಿಟ್ಟು ಕಾಯಿರಿ ಅಂತ ಬರುತ್ತೆ. ಕಾಯ್ತೀವಿ."

"ಒಂದು ಗಂಟೆ ಮುಂಚೇನೇ ಆನ್ ಮಾಡಿಡಬಹುದಲ್ಲ?"

ಅವರು ನನ್ನನ್ನೇ ನೋಡಿದರು. "ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ ಅಲ್ವಾ? ನಮ್ಮತ್ತೆ ಇದ್ದಾರೆ ಮನೇಲಿ. ಹೊಸ ಕೆಲ್ಸ ಯಾವ್ದೂ ಶುರು ಮಾಡೋ ಹಾಗಿಲ್ಲ."

"ಒಂಬತ್ತಕ್ಕೆ ಮುಂಚೆ?"

"ಸುಮ್ನೆ ಅಷ್ಟ್ಹೊತ್ತು ಉರಿಯೋದಕ್ಕೆ ನಮ್ಮನೆಯವ್ರು ಬಿಡಬೇಕಲ್ಲ."

ಶನಿವಾರ ಬೆಳಗ್ಗೆ ನಾನೇ ಬಂದು ಕೂರುತ್ತೇನೆ ಎಂದು ಮಾತು ಕೊಟ್ಟೆ. ಮತ್ತೊಮ್ಮೆ ಅಂಗಡಿಗೆ ಬಂದು ಹೋಗಿದ್ದ ಮಿಷಿನ್ ಆ ಶನಿವಾರದ ಹೊತ್ತಿಗೆ ಅವರ ಮನೆ ಸೇರಿತ್ತು. ಎಂಟು ಗಂಟೆಗೆಲ್ಲ ನಾನು ಗಿರಿನಗರದಲ್ಲಿದ್ದೆ. ಪದ್ಮಿನಿಯವರ ಪತಿ ವಾಸುದೇವ ಅವರು ಬಾಗಿಲು ತೆರೆದರು. ನಿವೃತ್ತ ಅಧಿಕಾರಿ, ಇಸ್ತ್ರಿ ಮಾಡಿದ ಪೈಜಾಮ. ಮನೆಯೊಳಗೆ ಎಲ್ಲಿ ನೋಡಿದರೂ ಸ್ವಿಚ್‌ಗಳ ಮೇಲೆ ಅವರ ಕಣ್ಣು. ನಾನು ಚಪ್ಪಲಿ ಬಿಡುವಷ್ಟರಲ್ಲಿ ವರಾಂಡದ ದೀಪ ಆರಿಸಿಯಾಗಿತ್ತು. ಅವರ ತಾಯಿ, ಎಂಬತ್ತು ದಾಟಿದ ಅಜ್ಜಿ, ಊಟದ ಮೇಜಿನ ಬಳಿ ಹುರುಳಿಕಾಯಿ ನಾರು ತೆಗೆಯುತ್ತಿದ್ದರು.

ಆನ್ ಮಾಡಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ಇಂಟರ್ನೆಟ್ ಜೋಡಿಸಿದೆ, ಕ್ಲಾಸಿನ ತಂತ್ರಾಂಶ ತೆರೆದು ತೋರಿಸಿದೆ. ಪದ್ಮಿನಿ ಮುಖ ಅರಳಿತು. ಸೀರೆ ಬದಲಿಸಿ ಬರುತ್ತೇನೆಂದು ಒಳಗೆ ಹೋದರು. ಅಜ್ಜಿ ನನ್ನನ್ನು ಎಳೆದು ಕೂರಿಸಿ ಉಪ್ಪಿಟ್ಟು ಬಡಿಸಿದರು. "ಹೆಣ್ಮಗಳಾಗಿ ಈ ಡಬ್ಬ ಎಲ್ಲಾ ಬಿಚ್ತೀಯಂತೆ, ತಿನ್ನು" ಎಂದು ಇನ್ನೊಂದು ಸೌಟು ಹಾಕಿದರು. ಕಾಫಿ ಬಂತು. ಮಾತು ಬೆಳೆಯಿತು. ಒಂಬತ್ತಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ ಎನ್ನುವಾಗ ಲೋಟ ಹಿಡಿದುಕೊಂಡೇ ಕಂಪ್ಯೂಟರಿನ ಕೋಣೆಗೆ ಹೋದೆ.

ವಾಸುದೇವ ಸಾರ್ ಮಿಷಿನ್ ಮುಂದೆ ನಿಂತಿದ್ದರು. ಮೌಸ್ ಹಿಡಿದು ಏನೋ ಒತ್ತಿದರು. ತಕ್ಷಣ ಮಾನಿಟರಿನ ಗುಂಡಿ ಒತ್ತಿದರು, ಪರದೆ ಕಪ್ಪಾಯಿತು. ಆಮೇಲೆ ಬಗ್ಗಿ, ಗೋಡೆಯ ಸ್ವಿಚ್ ಟಕ್ ಎಂದು ಆಫ್ ಮಾಡಿದರು. ಕೈ ಒರೆಸಿಕೊಂಡರು.

"ಏನ್ ಮಾಡಿದ್ರಿ ಸಾರ್?"

"ಏನಿಲ್ಲ ಮೇಡಂ. ನೀಟಾಗಿ ಶಟ್‌ಡೌನ್ ಕೊಟ್ಟೆ. ಹತ್ತೂವರೆಗೆ ಫ್ರೆಶ್ಶಾಗಿ ಹಾಕಣ."

"ಶಟ್‌ಡೌನ್ ಆಯ್ತು ಅಂತ ಹೇಗೆ ಗೊತ್ತಾಯ್ತು?"

"ಪರದೆ ಕಪ್ಪಾಯ್ತಲ್ಲ."

"ಅದನ್ನ ಕಪ್ಪು ಮಾಡಿದ್ದು ನೀವೇ ಅಲ್ವಾ ಸಾರ್."

ನನಗೆ ಒಳಗಿಂದ ನಗು ಉಕ್ಕಿ ಬಂದು ಕಾಫಿ ಲೋಟ ಅಲ್ಲಾಡತೊಡಗಿತು. ಗೋಡೆಗೆ ಒರಗಿ ನಿಂತೆ. ಎರಡು ವಾರದ ಗಂಟು ಕಣ್ಣ ಮುಂದೆ ಬಿಚ್ಚಿಕೊಂಡಿತ್ತು.

ಹೊಸಬರಿಗಾಗಿ ಬಿಡಿಸಿ ಹೇಳುತ್ತೇನೆ. ಹೊಸ ಸಿಸ್ಟಂ ಇಂಟರ್ನೆಟ್ ಸಿಕ್ಕ ಕೂಡಲೇ ಅಪ್‌ಡೇಟ್‌ಗಳನ್ನು ಇಳಿಸಿಕೊಳ್ಳುತ್ತದೆ. ಶಟ್‌ಡೌನ್ ಕೊಟ್ಟಾಗ ಅವನ್ನು ಜೋಡಿಸಲು ಕೂರುತ್ತದೆ, ದಯವಿಟ್ಟು ಆಫ್ ಮಾಡಬೇಡಿ ಎಂದು ಪರದೆಯ ಮೇಲೆ ಬೇಡಿಕೊಳ್ಳುತ್ತದೆ. ಆ ಬೇಡಿಕೆ ಓದಲು ಪರದೆ ಇದ್ದರೆ ತಾನೆ. ವಾಸುದೇವ ಸಾರ್ ಪರದೆ ಆರಿಸಿ, ಗೋಡೆಯ ಸ್ವಿಚ್ ಆಫ್ ಮಾಡಿಬಿಡುತ್ತಿದ್ದರು. ಮುಂದಿನ ಸಲ ಆನ್ ಮಾಡಿದಾಗ ಮಿಷಿನ್, ಅರ್ಧಕ್ಕೆ ನಿಂತ ಕೆಲಸವನ್ನೆಲ್ಲ ಒಂದೊಂದಾಗಿ ಹಿಂದಕ್ಕೆ ಬಿಚ್ಚಿ, ಮೊದಲಿನ ಸ್ಥಿತಿಗೆ ಬಂದು, ಆಮೇಲೆ ಮುಖ ತೋರಿಸುತ್ತಿತ್ತು. ಮತ್ತೆ ಇಳಿಸಿಕೊಳ್ಳುತ್ತಿತ್ತು. ಮತ್ತೆ ಇವರು ಸ್ವಿಚ್. ನಮ್ಮ ಅಂಗಡಿಯಲ್ಲೋ ಗಿರಾಕಿಗಳ ಮಿಷಿನ್‌ಗೆ ಇಂಟರ್ನೆಟ್ಟೇ ಇಲ್ಲ, ಅಪ್‌ಡೇಟೂ ಇಲ್ಲ, ಅದಕ್ಕೆ ಅಲ್ಲಿ ಕುದುರೆ ಓಟ. ಅಂದರೆ ನಮ್ಮ ಯಜಮಾನರ ನಿಯಮ, ಇವರ ನಿಯಮ ಎರಡೂ ಸೇರಿ ಪಾಪದ ಪದ್ಮಿನಿಯವರ ಕ್ಲಾಸನ್ನು ನುಂಗುತ್ತಿದ್ದವು.

ನಗು ನಿಂತಾಗ ಗಡಿಯಾರ ನೋಡಿದೆ. ಒಂಬತ್ತಾಗಲು ಕೆಲವೇ ನಿಮಿಷ. ಈಗ ಹಾಕದಿದ್ದರೆ ರಾಹುಕಾಲ ಶುರು, ಹತ್ತೂವರೆಗೆ ಹಾಕಿದರೆ ಮತ್ತೆ ಹಳೆಯ ಕಥೆ. ಲೋಟವನ್ನು ವಾಸುದೇವ ಸಾರ್ ಕೈಗೆ ತುರುಕಿ, ಮೇಜಿನ ಕೆಳಗೆ ನುಗ್ಗಿ ಸ್ವಿಚ್ ಹಾಕಿ, ಗುಂಡಿ ಒತ್ತಿದೆ. ತಲೆ ಮೇಜಿಗೆ ಬಡಿಯಿತು. ಚುಕ್ಕಿ ಸುತ್ತತೊಡಗಿತು.

ಪದ್ಮಿನಿ ಹೊಸ ಕಾಟನ್ ಸೀರೆ ಉಟ್ಟು ಬಂದವರು ಪರದೆ ನೋಡಿ ಅಲ್ಲೇ ನಿಂತರು. ನಡೆದದ್ದನ್ನು ಹೇಳಿದೆ. ಅವರು ಗಂಡನ ಕಡೆ ತಿರುಗಿದರು. "ರೀ, ಎರಡು ವಾರದಿಂದ ಇದು ನೀವಾ?"

"ವೋಲ್ಟೇಜ್ ಏರಿಳಿತ ಆಗುತ್ತೆ ಅಂತ ಕಣೇ, ನಿನ್ ಮಿಷಿನ್ ಚೆನ್ನಾಗಿರ್ಲಿ ಅಂತ" ಎಂದರು ಅವರು. ದನಿ ತುಂಬಾ ಸಣ್ಣದಾಗಿತ್ತು. ಪದ್ಮಿನಿ ಬೈಯಬಹುದೆಂದು ಕಾದೆ. ಅವರು ಕುರ್ಚಿಯಲ್ಲಿ ಕೂತು ಚುಕ್ಕಿಯನ್ನೇ ನೋಡತೊಡಗಿದರು.

ಈ ಸಲ ಬಂದದ್ದು ದೊಡ್ಡ ಅಪ್‌ಡೇಟ್, ಡಿಸ್ಕ್ ಹಳೆಯದು. ಬಿಚ್ಚುವ ಕೆಲಸ ಆಮೆ ವೇಗದಲ್ಲಿ ನಡೆಯಿತು. ಶೇಷಗಿರಿ ಸಾರ್‌ಗೆ ಫೋನ್ ಮಾಡಿ ವಿಷಯ ಪೂರ್ತಿ ವಿವರಿಸಿದೆ. ಎಲ್ಲ ಕೇಳಿಸಿಕೊಂಡು, "ಗೀತಾ, ಟೈಮ್ ಇದ್ರೆ ಒಂದ್ಸಲ ಫಾರ್ಮ್ಯಾಟ್..." ಎಂದರು. ಫೋನ್ ಇಟ್ಟುಬಿಟ್ಟೆ.

ಒಂಬತ್ತೂವರೆ ದಾಟಿರಬೇಕು. ಪರದೆ ಪಟ್ಟನೆ ಕಪ್ಪಾಗಿ, ಮಿಷಿನ್ ತಾನೇ ಆಫ್ ಆಗಿ, ತಾನೇ ಆನ್ ಆಯಿತು. ಇಂಥ ಕೆಲಸದ ನಡುವೆ ಅದು ಒಂದೆರಡು ಸಲ ಹಾಗೆ ಮಾಡುವುದುಂಟು. ವಾಸುದೇವ ಸಾರ್ ಎದ್ದು ನಿಂತರು.

"ಮೇಡಂ, ಮತ್ತೆ ಶುರುವಾಯ್ತು. ರಾಹುಕಾಲದಲ್ಲಿ ಶುರುವಾಯ್ತು."

"ಶುರುವಾಗಿದ್ದು ಒಂಬತ್ತಕ್ಕೆ ಮುಂಚೆ ಸಾರ್. ಇದು ಅದರದ್ದೇ ಮುಂದುವರಿಕೆ."

"ಆಫ್ ಆಗಿ ಆನ್ ಆಗಿದ್ದನ್ನ ನಾನು ಕಣ್ಣಾರೆ ನೋಡ್ದೆ. ಅಮ್ಮಂಗೆ ಗೊತ್ತಾದ್ರೆ ಬೇಜಾರ್ ಮಾಡ್ಕೋತಾರೆ. ಈಗ ಆಫ್ ಮಾಡ್ಬಿಡಣ, ಹತ್ತೂವರೆಗೆ..." ಎನ್ನುತ್ತಲೇ ಅವರ ಕೈ ಗೋಡೆಯ ಕಡೆ ಹೊರಟಿತು. ಅಭ್ಯಾಸ ಬಲ. ನಾನು ಸ್ವಿಚ್ ಬೋರ್ಡಿಗೆ ಬೆನ್ನು ಕೊಟ್ಟು ನಿಂತೆ. ಈಗ ಮತ್ತೆ ಕರೆಂಟ್ ತೆಗೆದರೆ ಮಿಷಿನ್ ಏಳುವುದೇ ಅನುಮಾನ. ಅವರು ಎಡಕ್ಕೆ ಬಂದರೆ ನಾನೂ ಎಡಕ್ಕೆ, ಬಲಕ್ಕೆ ಬಂದರೆ ಬಲಕ್ಕೆ. ಇಬ್ಬರು ನಿವೃತ್ತಿ ವಯಸ್ಸಿನವರು ಕಬಡ್ಡಿ ಆಡುತ್ತಿದ್ದೆವು.

"ಅಮ್ಮನ್ನೇ ಕೇಳಿ" ಎಂದರು ಪದ್ಮಿನಿ. ಕೂತಲ್ಲಿಂದ ಏಳದೆ, ಪರದೆಯಿಂದ ಕಣ್ಣು ಕೀಳದೆ ಹೇಳಿದರು.

ಅಜ್ಜಿ ಬಂದರು. ವಾಸುದೇವ ಸಾರ್ ವಿಷಯ ಒಪ್ಪಿಸಿದರು. ಅಜ್ಜಿ ಪರದೆಯ ಹತ್ತಿರ ಬಗ್ಗಿ ಸುತ್ತುವ ಚುಕ್ಕಿಗಳನ್ನು ನೋಡಿದರು. ನನ್ನ ಕಡೆ ತಿರುಗಿದರು. "ನೀನು ಹಾಕಿದ್ದು ಯಾವಾಗಮ್ಮ?"

"ಒಂಬತ್ತಕ್ಕೆ ಮುಂಚೆ ಅಜ್ಜಿ. ತಲೆ ಬಡಿಸ್ಕೊಂಡು ಹಾಕಿದ್ದೀನಿ."

"ಮಧ್ಯದಲ್ಲಿ ಯಾರಾದ್ರೂ ಮುಟ್ಟಿದ್ರಾ?"

"ಯಾರೂ ಮುಟ್ಟಿಲ್ಲ. ಅದೇ ಮಾಡ್ಕೊಂಡಿದ್ದು."

ಅಜ್ಜಿ ಮಗನಿಗೆ ಹೇಳಿದರು. "ಬೇಳೆ ಬೇಯಕ್ಕಿಟ್ಟು ಮಧ್ಯದಲ್ಲಿ ಉರಿ ಸಣ್ಣ ದೊಡ್ಡ ಮಾಡಿದ್ರೆ ಹೊಸ ಅಡುಗೆ ಆಗುತ್ತೇನೋ? ಬೇಯ್ತಿರೋದನ್ನ ಇಳಿಸ್ತೀನಿ ಅಂತೀಯಲ್ಲ, ಇಷ್ಟು ವಯಸ್ಸಾದ್ರೂ. ಬಾ, ಕಾಯಿ ತುರಿ." ವಾಸುದೇವ ಸಾರ್ ಕಾಯಿ ತುರಿಯಲು ಹೋದರು. ನಾನು ಸ್ವಿಚ್ ಬೋರ್ಡಿನ ಮುಂದೆ ನೆಲದ ಮೇಲೆ ಕೂತುಕೊಂಡೆ. ನನ್ನ ವೃತ್ತಿ ಜೀವನದಲ್ಲಿ ಇಷ್ಟು ಸ್ಪಷ್ಟವಾದ ತಾಂತ್ರಿಕ ಸಲಹೆ ನನಗೆ ಯಾವ ಮೇಲಧಿಕಾರಿಯಿಂದಲೂ ಸಿಕ್ಕಿರಲಿಲ್ಲ.

ಹತ್ತು ಗಂಟೆಯಾಯಿತು. ಚುಕ್ಕಿ ಸುತ್ತುತ್ತಲೇ ಇತ್ತು. ಪದ್ಮಿನಿ ತುಟಿಯಲ್ಲೇ ಏನೋ ಗುನುಗುತ್ತಿದ್ದರು. ದೇವರ ಸ್ತೋತ್ರ ಎಂದುಕೊಂಡೆ. ಕಿವಿಗೊಟ್ಟು ಕೇಳಿದರೆ ವರ್ಗ ಸಮೀಕರಣ. ಮೊದಲ ಪಾಠ ಹೇಗೆ ಆರಂಭಿಸಬೇಕೆಂದು ಅಭ್ಯಾಸ ಮಾಡಿಕೊಳ್ಳುತ್ತಿದ್ದರು. ಸಿಗುತ್ತದೋ ಇಲ್ಲವೋ ಗೊತ್ತಿಲ್ಲದ ಪಾಠ. ಜಗತ್ತಿನ ಸಕಲ ಡಿಸ್ಕ್‌ಗಳ ದೇವರಿಗೆ ನಾನೂ ಕೈ ಮುಗಿದೆ.

ಹತ್ತು ಇಪ್ಪತ್ತಕ್ಕೆ ಪರದೆ ನೀಲಿಯಾಗಿ ಬೆಳಗಿ, ಕಂಪ್ಯೂಟರ್ ತೆರೆದುಕೊಂಡಿತು. ನಾನು ಮಾಡಿದ ಮೊದಲ ಕೆಲಸ ಅಪ್‌ಡೇಟ್‌ಗಳನ್ನು ಕೆಲ ದಿನ ತಡೆಹಿಡಿದದ್ದು. ಎರಡನೆಯದು, ಕ್ಲಾಸಿನ ತಂತ್ರಾಂಶ ತೆರೆದದ್ದು. ಮಕ್ಕಳು ಆಗಲೇ ಬಂದು ಕೂತಿದ್ದರು. ಹೊರಗೆ ಕಾಯುತ್ತಿರುವವರ ಹೆಸರುಗಳು ಒಂದರ ಕೆಳಗೊಂದು ಮೂಡುತ್ತಿದ್ದವು. ಒಂದು ಗುಂಡಿ ಒತ್ತಿದರೆ ಕ್ಲಾಸ್ ಶುರು.

ಪದ್ಮಿನಿ ಒತ್ತಲಿಲ್ಲ. ಗಡಿಯಾರ ನೋಡಿದರು. ರಾಹುಕಾಲ ಮುಗಿಯಲು ಇನ್ನೂ ಹತ್ತು ನಿಮಿಷ. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು. ಹೆಸರುಗಳು ಹೆಚ್ಚುತ್ತಿದ್ದವು. ಒಂದು ಹೆಸರು ಬಂದು, ಕಾದು, ಮಾಯವಾಯಿತು. ಹಿಂದಿನ ಎರಡು ವಾರ ಹೀಗೆಯೇ ಕಾದು ಎದ್ದುಹೋದ ಮಕ್ಕಳಲ್ಲವೇ ಇವರು. ನಾನು ಬಾಯಿ ಬಿಡಬೇಕೆನ್ನುವಷ್ಟರಲ್ಲಿ ಬಾಗಿಲಲ್ಲಿ ಅಜ್ಜಿಯ ದನಿ ಕೇಳಿತು.

"ಮಕ್ಕಳು ಬಂದ್ರೇನೇ?"

"ಬಂದಿದ್ದಾರೆ ಅಮ್ಮ. ಹತ್ತೂವರೆ ಆಗ್ಲಿ ಅಂತ."

"ಯಾಕೆ?"

"ಹೊಸ ಕೆಲ್ಸ ಅಲ್ವಾ."

ಅಜ್ಜಿ ಒಳಗೆ ಬಂದರು. ಸೊಸೆಯ ಹೆಗಲ ಮೇಲೆ ಜಾರಿದ್ದ ಸೆರಗನ್ನು ಎತ್ತಿ ಸರಿ ಮಾಡಿದರು. ಅಲ್ಲೇ ಕೈ ಇಟ್ಟುಕೊಂಡು ಹೇಳಿದರು.

"ಹೊಸದೇನು ಬಂತು ಪದ್ದು. ನೀನು ಈ ಮನೆಗೆ ಬಂದ ವರ್ಷಾನೇ ಕೇಳಿದ್ದೆ, ಸ್ಕೂಲಲ್ಲಿ ಪಾಠ ಹೇಳಕ್ ಹೋಗ್ಲಾ ಅಂತ. ನಾನೇ ಮುಂದಿನ ವರ್ಷ ನೋಡಣ ಅಂದೆ. ಆವತ್ತು ರಾಹುಕಾಲ ಇರ್ಲಿಲ್ಲ, ಏನೂ ಇರ್ಲಿಲ್ಲ. ಸುಮ್ನೆ ಅಂದೆ. ಆವಾಗ್ಲೇ ಶುರುವಾಗಬೇಕಾಗಿದ್ದ ಕೆಲ್ಸ ಇದು. ಒತ್ತು."

ಪದ್ಮಿನಿ ತಿರುಗಿ ನೋಡಲಿಲ್ಲ. ನೋಡಿದ್ದರೆ ಅತ್ತುಬಿಡುತ್ತಿದ್ದರು ಎಂದು ನನಗೆ ಗೊತ್ತು. ಹೆಗಲ ಮೇಲಿದ್ದ ಅತ್ತೆಯ ಕೈಯನ್ನು ಒಮ್ಮೆ ಮುಟ್ಟಿ, ಗುಂಡಿ ಒತ್ತಿದರು. ಚಿಕ್ಕ ಚಿಕ್ಕ ಮುಖಗಳು ಪರದೆ ತುಂಬ ಬಂದವು. ಎಲ್ಲ ಕಡೆಯಿಂದ ಒಟ್ಟಿಗೆ, ಮುಂದೆ ಹಿಂದೆ ಆಗಿ, "ಗುಡ್ ಮಾರ್ನಿಂಗ್ ಮ್ಯಾಮ್" ಎಂಬ ದನಿಗಳು ಬಂದವು. ಆ ಮನೆಯಲ್ಲಿ ಅವರನ್ನು ಯಾರೂ ಹಾಗೆ ಕರೆದದ್ದು ಅಜ್ಜಿ ಕೇಳಿರಲಿಲ್ಲ. ಅಡುಗೆಮನೆಯಿಂದ ವಾಸುದೇವ ಸಾರ್ ಕಾಯಿ ತುರಿಯುವುದನ್ನು ನಿಲ್ಲಿಸಿದ್ದು ಕೇಳಿಸಿತು.

ಪದ್ಮಿನಿಗೆ ತಕ್ಷಣ ಮಾತು ಬರಲಿಲ್ಲ. ಒಬ್ಬ ಹುಡುಗಿ, "ಮ್ಯಾಮ್, ನಿಮ್ ವಾಯ್ಸ್ ಬರ್ತಿಲ್ಲ" ಎಂದಳು. ಮೈಕ್ ಸರಿ ಇದೆಯೇ ಎಂದು ನೋಡಲು ನಾನು ಬಗ್ಗಿದೆ. ಮೈಕ್ ಸರಿಯಾಗಿಯೇ ಇತ್ತು.

"ಬರುತ್ತೆ ಇರಮ್ಮ" ಎಂದರು ಪದ್ಮಿನಿ. ಗಂಟಲು ಸರಿಮಾಡಿಕೊಂಡರು. "ಈಗ ಬಂತು. ಎಲ್ಲಾರೂ ಪುಸ್ತಕ ತೆಗೀರಿ."